ಹದಿನೇಳನೆಯ ಹೆಸರು ಕೆತ್ತಿದ ಕೈ

ಸೂರ್ಯ ಇನ್ನೂ ಕಾಂಪೌಂಡ್ ಗೋಡೆ ದಾಟಿಲ್ಲ. ತಗಡಿನ ಶೆಡ್ಡಿನ ಪೂರ್ವದ ಬದಿಯಲ್ಲಿ, ಮಡಚಿದ ಗೋಣಿಚೀಲದ ಮೇಲೆ ಕೂತ ಹೆಂಗಸೊಬ್ಬರು ಎದುರಿಗಿರುವ ಕರಿಕಲ್ಲಿನ ಮೇಲೆ ಒಂದು ಚೊಂಬು ನೀರು ಸುರಿದು ಅಂಗೈಯಲ್ಲಿ ಒರೆಸುತ್ತಾರೆ. ತಲೆಗೆ ಹಳೆಯ ಟವೆಲು, ಮೂಗು ಬಾಯಿಗೆ ತೆಳು ಬಟ್ಟೆ. ಎಡಗೈಯಲ್ಲಿ ಗೇಣುದ್ದದ ಉಳಿ, ಬಲಗೈಯಲ್ಲಿ ಹಿಡಿ ಸವೆದ ಸುತ್ತಿಗೆ. ಗಂಟೆ ಐದೂ ಮುಕ್ಕಾಲು. ಹಾಲಿನ ಗಾಡಿ ಈಗಷ್ಟೇ ಬೀದಿ ತಿರುಗಿದೆ. ಟಕ್ ಟಕ್ ಟಕ್ ಎಂದು ಮೂರು ಪೆಟ್ಟು, ಬಗ್ಗಿ ಒಂದು ಊದು, ಮತ್ತೆ ಮೂರು ಪೆಟ್ಟು. ನಾನು ಬಂದು ನಿಂತು ಹತ್ತು ನಿಮಿಷವಾದರೂ ಅವರು ತಲೆ ಎತ್ತಿಲ್ಲ.

"ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ಬೆಳಕಿಗೆ ಅಡ್ಡ ಬರ್ತಾ ಇದೀರಿ" ಎನ್ನುವುದೇ ಅವರ ಮೊದಲ ಮಾತು. ಪಕ್ಕಕ್ಕೆ ಸರಿದ ಮೇಲೆ ವಿವರಿಸುತ್ತಾರೆ. "ಬೆಳಕು ಹೀಗೆ ಅಡ್ಡಡ್ಡ ಬೀಳ್ಬೇಕು. ಆಗ ಅಕ್ಷರದ ಒಳಗಡೆ ನೆರಳು ಕೂರುತ್ತೆ. ಅದನ್ನ ನೋಡಿದ್ರೆ ಆಳ ಎಷ್ಟು ಅಂತ ತಿಳಿಯುತ್ತೆ. ಬಿಸಿಲು ನೆತ್ತಿ ಮೇಲೆ ಬಂತು ಅಂದ್ರೆ ಕಲ್ಲು ಸುಳ್ಳು ಹೇಳೋಕೆ ಶುರು ಮಾಡುತ್ತೆ."

ಈ ಓಣಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಅಕ್ಷರಕ್ಕ ಎಂದೇ. ವಯಸ್ಸು ಐವತ್ತಮೂರು. ಒಂಬತ್ತು ಜನ ಕಲ್ಲುಕುಟಿಗರ ಈ ಶೆಡ್ಡಿನಲ್ಲಿ ಅಕ್ಷರ ಕೆತ್ತುವವರು ಇವರೊಬ್ಬರೇ, ಹೆಂಗಸೂ ಇವರೊಬ್ಬರೇ. ಇವತ್ತು ಕೆತ್ತುತ್ತಿರುವುದು ಯಾವುದೋ ವೈದ್ಯರ ಹೊಸ ಮನೆಯ ಹೆಸರು. ಅದನ್ನು ನೋಡಲು ನಾನು ಬಂದಿಲ್ಲ. ಬಸ್ ನಿಲ್ದಾಣದ ಎದುರಿನ ಉದ್ಯಾನದಲ್ಲಿ ಕಳೆದ ವರ್ಷ ಎದ್ದು ನಿಂತ ಯುವಜನ ಚಳವಳಿಯ ಸ್ಮಾರಕವನ್ನು ಮಾಡಿದ ಕೈಗಳನ್ನು ನೋಡಲು ಬಂದಿದ್ದೇನೆ. ಮಾಡಿದವರು ಯಾರು ಎಂದು ಸ್ಮಾರಕವನ್ನೇ ಕೇಳಿದರೆ ಅದು ಸುಳ್ಳು ಹೇಳುತ್ತದೆ. ಅದಕ್ಕೆ ನೆತ್ತಿಯ ಬಿಸಿಲೂ ಬೇಕಿಲ್ಲ.

ಸ್ಮಾರಕದ ಪ್ರವೇಶದಲ್ಲಿ ಒಂದು ಫಲಕವಿದೆ. ಉದ್ಘಾಟಿಸಿದವರು, ಘನ ಉಪಸ್ಥಿತಿ, ಅಧ್ಯಕ್ಷತೆ, ಪ್ರೇರಣೆ, ಪರಿಕಲ್ಪನೆ, ಉಸ್ತುವಾರಿ, ಸಹಕಾರ ಎಂದು ಇಪ್ಪತ್ತಮೂರು ಹೆಸರುಗಳು. ಹುದ್ದೆ, ಪದವಿ ಸಮೇತ. ದೀಪದ ವ್ಯವಸ್ಥೆ ಮಾಡಿದ ಸಂಸ್ಥೆಯ ಮಾಲೀಕರ ಹೆಸರೂ ಇದೆ, ಹುಲ್ಲುಹಾಸು ಬೆಳೆಸಿದವರ ಹೆಸರೂ ಇದೆ. ಕಲ್ಲು ಕಡಿದವರ, ಹೊತ್ತವರ, ಕೆತ್ತಿದವರ, ನಿಲ್ಲಿಸಿದವರ ಒಂದೇ ಒಂದು ಹೆಸರಿಲ್ಲ. ಆ ಫಲಕ ಕೆತ್ತಿದ್ದೂ ಇದೇ ಅಕ್ಷರಕ್ಕ.

"ಲೆಕ್ಕ ಹಾಕಿದೀನಿ" ಎನ್ನುತ್ತಾರೆ ಉಳಿಯ ತುದಿಯನ್ನು ಉಗುರಿನಿಂದ ಮುಟ್ಟಿ ನೋಡುತ್ತ. "ಸತ್ತ ಮಕ್ಕಳ ಹೆಸರೆಲ್ಲ ಸೇರಿ ತೊಂಬತ್ತಾರು ಅಕ್ಷರ. ದೊಡ್ಡೋರ ಫಲಕ ಐನೂರಾ ನಲವತ್ತು. ‘ಮಾನ್ಯ’ ಅನ್ನೋದನ್ನೇ ಒಂಬತ್ತು ಸಲ ಕೆತ್ತಿದೆ. ಕೊನೆಕೊನೆಗೆ ಕೈಯೇ ಬೇಜಾರು ಮಾಡ್ಕೊಳ್ತು."

ಕೆಲಸಗಾರರ ಹೆಸರು ಎಲ್ಲಿ ಬರುತ್ತದೆ ಎಂದು ಅಂದು ಅವರು ಕೆಲಸ ನೋಡಿಕೊಳ್ಳುತ್ತಿದ್ದ ಇಲಾಖೆಯ ಎಂಜಿನಿಯರರನ್ನು ಕೇಳಿದ್ದರಂತೆ. "ಹಾಗೆ ಹಾಕೋ ಪದ್ಧತಿ ಇಲ್ಲಮ್ಮ" ಎಂಬ ಉತ್ತರ ಬಂತು. ಪದ್ಧತಿ! ಹುಲ್ಲು ಬೆಳೆಸಿದವರಿಗೆ ಇರುವ ಪದ್ಧತಿ ಕಲ್ಲು ನಿಲ್ಲಿಸಿದವರಿಗೆ ಏಕಿಲ್ಲ ಎಂದು ಈ ಲೇಖನಕ್ಕಾಗಿ ನಾನೂ ಅದೇ ಇಲಾಖೆಯ ಕಚೇರಿಗೆ ಹೋಗಿ ಕೇಳಿದೆ. ಸಂಬಂಧಪಟ್ಟವರು ಸಭೆಯಲ್ಲಿದ್ದಾರೆ ಎಂದರು. ಮೂರು ಸಲ ಹೋದೆ. ಮೂರು ಸಲವೂ ಸಭೆ.

ಯಾವ ಚಳವಳಿ ಇದು? ಹೊಸ ತಲೆಮಾರಿನವರಿಗಾಗಿ ಎರಡು ಮಾತು. ಮೂವತ್ತೆರಡು ವರ್ಷಗಳ ಹಿಂದೆ ಈ ಊರಿನ ಯುವಕ ಯುವತಿಯರು ಹೊಳೆಯ ಸೇತುವೆಯ ಮೇಲೆ ಇಪ್ಪತ್ತಾರು ದಿನ ಕೂತಿದ್ದರು. ಸರ್ಕಾರಿ ಕೆಲಸಕ್ಕೆ ಸೇರಿಸಿಕೊಳ್ಳುವವರ ಪಟ್ಟಿ ಮುಚ್ಚಿದ ಬಾಗಿಲ ಹಿಂದೆ ತಯಾರಾಗುತ್ತಿತ್ತು. ಒಳಗಿನವರ ಮಕ್ಕಳು, ಒಳಗಿನವರ ಅಳಿಯಂದಿರು. ‘ಬಾಗಿಲು ತೆಗೆದು ಪಟ್ಟಿ ಬರೆಯಿರಿ’ ಎಂಬುದು ಸೇತುವೆಯ ಮೇಲಿದ್ದವರ ಬೇಡಿಕೆ. ಇಪ್ಪತ್ತೇಳನೆಯ ದಿನ ಮಧ್ಯಾಹ್ನ ಸೇತುವೆಯ ಎರಡೂ ತುದಿಯಿಂದ ಪೊಲೀಸರ ಗುಂಡು ಹಾರಿತು. ಕಾಲೇಜಿನಲ್ಲಿ ಓದುತ್ತಿದ್ದ ಹದಿನಾರು ಮಂದಿ ಸತ್ತರು ಎಂದು ಸರ್ಕಾರಿ ಕಡತ ಹೇಳುತ್ತದೆ. ಅಂದು ಗುಂಡು ಹಾರಿಸಿದ ಅಧಿಕಾರದ ಕುರ್ಚಿಗಳೇ ಇಂದು ಸ್ಮಾರಕ ಕಟ್ಟಿಸಿವೆ. ಅದಕ್ಕೆ ಮೂವತ್ತು ವರ್ಷ ಬೇಕಾಯಿತು. ಇರಲಿ, ಕಟ್ಟಿಸಿದರಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಹೇಗೆ ಕಟ್ಟಿಸಿದರು ಎಂದು ಕೇಳಿದ ಮೇಲೆ ಸಮಾಧಾನ ಉಳಿಯುವುದಿಲ್ಲ.

ಅಕ್ಷರಕ್ಕ ಶಾಲೆಗೆ ಹೋದವರಲ್ಲ. ಅಪ್ಪ ರಸ್ತೆ ಬದಿಯ ಮೈಲಿಗಲ್ಲು ಕೆತ್ತುತ್ತಿದ್ದರು. ಅಪ್ಪ ಸೀಮೆಸುಣ್ಣದಲ್ಲಿ ಬರೆದ ಗೆರೆಯ ಮೇಲೆ ಉಳಿ ಓಡಿಸುವುದು ಒಂಬತ್ತು ವರ್ಷದ ಮಗಳ ಕೆಲಸ. "ಎಲ್ಲಾರಿಗೂ ಅ ಆ ಇ ಈ ಮೊದ್ಲು ಬಂದ್ರೆ ನನಗೆ ಕಿ.ಮೀ. ಬಂತು" ಎಂದು ನಗುತ್ತಾರೆ. "ಆಮೇಲೆ ಗೋರಿಕಲ್ಲು. ಜನನ, ಮರಣ. ಆ ಎರಡು ಪದ ಕಣ್ಣು ಮುಚ್ಕೊಂಡು ಕೆತ್ತೋಳು. ಉಳಿದ ಅಕ್ಷರ ಎಲ್ಲ ಯಾರ್ಯಾರೋ ಸತ್ತಾಗ ಒಂದೊಂದೇ ಕಲ್ತಿದ್ದು. ‘ಜ್ಞ’ ಕಲಿಯೋಕೆ ಒಬ್ಬ ಮೇಷ್ಟ್ರು ಸಾಯಬೇಕಾಯ್ತು ನೋಡಿ."

ಪೂರ್ತಿ ಸಾಲು ಓದಲು ಕಲಿತಿದ್ದು ಮಗಳು ಶಾಲೆಗೆ ಸೇರಿದ ಮೇಲೆ, ಅವಳ ಪಕ್ಕ ಕೂತು. ಅಷ್ಟು ಹೊತ್ತಿಗೆ ಹದಿನೆಂಟು ವರ್ಷದಿಂದ ಅಕ್ಷರ ಕೆತ್ತುತ್ತಿದ್ದರು.

ನಮ್ಮ ಅಕ್ಷರ ಕಲ್ಲಿಗೆ ಒಗ್ಗುವುದು ಕಷ್ಟ ಎನ್ನುತ್ತಾರೆ ಅವರು. ಕಲ್ಲಿಗೆ ನೇರ ಗೆರೆ ಇಷ್ಟ. ನಮ್ಮದೆಲ್ಲ ಗುಂಡು, ಸುತ್ತು, ಕೊಂಡಿ. ಸುತ್ತು ತಿರುಗುವಲ್ಲಿ ಉಳಿ ಒಂದು ಕೂದಲೆಳೆ ಜಾಸ್ತಿ ಓಡಿದರೂ ಅಂಚು ಚಕ್ಕೆಯೆದ್ದು ಹೋಗುತ್ತದೆ, ಆಮೇಲೆ ಇಡೀ ಕಲ್ಲು ದಂಡ. ನಾಲ್ಕಿಂಚು ಎತ್ತರದ ಅಕ್ಷರವಾದರೆ ಈ ಜಾತಿಯ ಕರಿಕಲ್ಲಿನಲ್ಲಿ ದಿನಕ್ಕೆ ಎಂಟು. ಒಂದೊಂದಕ್ಕೂ ಆರುನೂರಕ್ಕೆ ಕಡಿಮೆಯಿಲ್ಲದಷ್ಟು ಪೆಟ್ಟು. ಎರಡು ಅಕ್ಷರಕ್ಕೊಮ್ಮೆ ಉಳಿ ಮೊಂಡಾಗುತ್ತದೆ, ಕುಲುಮೆಗೆ ಹೋಗಬೇಕು. ಬೆಳಗ್ಗೆ ಐದೂವರೆಯಿಂದ ಹತ್ತು, ಮತ್ತೆ ಸಂಜೆ ನಾಲ್ಕರಿಂದ ಆರೂವರೆ. ನಡುವಿನ ಹೊತ್ತಿನಲ್ಲಿ ಕಲ್ಲು ಉಜ್ಜುವುದು, ಗೆರೆ ಹಾಕುವುದು. ಎಡಗೈಯ ಹೆಬ್ಬೆರಳಿಗೆ ಈಗ ಸ್ಪರ್ಶ ತಿಳಿಯುವುದಿಲ್ಲ. ಬಿಸಿ ಲೋಟ ಹಿಡಿಯಲು ಅನುಕೂಲ ಎಂದು ಅದಕ್ಕೂ ಒಂದು ತಮಾಷೆ.

ಗಂಡನೂ ಕಲ್ಲಿನವರೇ. ಏಳು ವರ್ಷದ ಹಿಂದೆ ತೀರಿಕೊಂಡರು. ಪುಪ್ಪುಸದ ತುಂಬ ಕಲ್ಲಿನ ಧೂಳು. ಮರಣಪತ್ರದಲ್ಲಿ ‘ಉಸಿರಾಟದ ತೊಂದರೆ’ ಎಂದಷ್ಟೇ ಇದೆ. ಧೂಳು ಎಂದು ಬರೆದರೆ ಯಾರೋ ಉತ್ತರ ಕೊಡಬೇಕಾಗುತ್ತಿತ್ತು. ಶೆಡ್ಡಿನ ಮೇಸ್ತ್ರಿ ಗಂಡನ ಅಣ್ಣ. ಅಕ್ಷರಕ್ಕ ಅವರನ್ನು ಭಾವ ಎನ್ನುತ್ತಾರೆ. ಆ ಭಾವನಿಗೂ ಈಗ ನಾಲ್ಕು ಮಾತಿಗೆ ಒಂದು ಕೆಮ್ಮು.

ಸ್ಮಾರಕದ ಕಥೆಯನ್ನು ನನಗೆ ಮೊದಲಿಂದ ಹೇಳಿದ್ದು ಈ ಮೇಸ್ತ್ರಿ. ರಾಜಧಾನಿಯಿಂದ ಹೆಸರಾಂತ ಕಲಾವಿದರೊಬ್ಬರು ದೊಡ್ಡ ಹಾಳೆಯಲ್ಲಿ ಚಿತ್ರ ತಂದರು. ಬಿಳಿ ಅಮೃತಶಿಲೆಯ ತೆಳು ಗೋಡೆ, ಅದರ ನಡುವೆ ಕೈ ಎತ್ತಿದ ಹುಡುಗರ ಆಕಾರದ ಖಾಲಿ ಜಾಗ.

"ನೋಡೋಕೆ ಚೆನ್ನಾಗಿತ್ತು, ಇಲ್ಲ ಅನ್ನಲ್ಲ" ಎನ್ನುತ್ತಾರೆ ಮೇಸ್ತ್ರಿ. "ಆದ್ರೆ ಎದುರಿಗೇ ಬಸ್ ಸ್ಟ್ಯಾಂಡು. ಹೊಗೆಗೆ ಎರಡು ವರ್ಷದಲ್ಲಿ ಹಳದಿ ಹಲ್ಲಿನ ಥರ ಆಗುತ್ತೆ ಸ್ವಾಮಿ ಅಂದೆ. ಎತ್ತಿದ ಕೈ ಇದೆಯಲ್ಲ, ಅಲ್ಲಿ ಕಲ್ಲು ಎರಡೇ ಇಂಚು, ಮೇಲಿನ ಭಾರಕ್ಕೆ ಬಿರುಕು ಬಿಡುತ್ತೆ ಅಂದೆ. ಅವರು ನನ್ನನ್ನ ನೋಡ್ಲೇ ಇಲ್ಲ. ಎಂಜಿನಿಯರ್ ಕಡೆ ತಿರುಗಿ, ‘ಇವರು ಯಾರು?’ ಅಂದ್ರು."

ಅಮೃತಶಿಲೆಯ ಮೊದಲ ಚಪ್ಪಡಿ, ಎತ್ತಿದ ಕೈಯ ಜಾಗದಲ್ಲೇ, ನಿಲ್ಲಿಸುವ ಮೊದಲೇ ಸೀಳಿತು. ಆಮೇಲೆ ಎಲ್ಲರಿಗೂ ಮೇಸ್ತ್ರಿಯ ನೆನಪಾಯಿತು. ಊರ ಹೊರಗಿನ ಗುಡ್ಡದ ಕರಿಕಲ್ಲು ಆರಿಸಿದ್ದು ಮೇಸ್ತ್ರಿ. ಸುತ್ತಿಗೆಯಿಂದ ತಟ್ಟಿ, ಕಂಚಿನ ಹಾಗೆ ದನಿ ಕೊಟ್ಟ ಕಲ್ಲನ್ನು ಇಟ್ಟುಕೊಂಡು ಮಂದ ದನಿಯ ಕಲ್ಲನ್ನು ಬಿಟ್ಟು, ಅರವತ್ತೊಂದು ಚಪ್ಪಡಿ ಇಳಿಸಿದರು. ತೆಳು ಗೋಡೆಯ ಬದಲು ಒಂದಕ್ಕೊಂದು ಭುಜ ಕೊಟ್ಟು ನಿಂತ ದಪ್ಪ ಕಂಬಗಳು, ಸೇತುವೆಯ ಮೇಲೆ ಒತ್ತೊತ್ತಾಗಿ ನಿಂತ ಹುಡುಗರಂತೆ. ಅದು ಮೇಸ್ತ್ರಿಯ ಯೋಚನೆ. ನೆಲದ ಮೇಲೆ ಇಟ್ಟಿಗೆ ನಿಲ್ಲಿಸಿ ತೋರಿಸಿದ್ದರು. ಕಲಾವಿದರು ಅದರ ಫೋಟೊ ತೆಗೆದುಕೊಂಡು ಹೋಗಿ, ಹೊಸ ಹಾಳೆಯಲ್ಲಿ ಬರೆದು ತಂದರು. ಇಂದು ಫಲಕದಲ್ಲಿ ‘ಪರಿಕಲ್ಪನೆ’ ಎಂಬುದರ ಮುಂದೆ ಇರುವುದು ಯಾರ ಹೆಸರು ಎಂದು ಬೇರೆ ಹೇಳಬೇಕೆ? ಒಂಬತ್ತು ಜನ ಹದಿಮೂರು ತಿಂಗಳು ದುಡಿದರು. ಒಬ್ಬರ ಬಲಗಣ್ಣಿಗೆ ಚಕ್ಕೆ ಹಾರಿ ಆ ಕಣ್ಣು ಹೋಯಿತು. ಅವರು ಇವತ್ತೂ ಶೆಡ್ಡಿನ ಮೂಲೆಯಲ್ಲಿ ಒಂದೇ ಕಣ್ಣಿನಲ್ಲಿ ಗೆರೆ ನೋಡಿ ಕಲ್ಲು ಸೀಳುತ್ತಿದ್ದಾರೆ.

ಇಷ್ಟಕ್ಕೇ ಮುಗಿದಿದ್ದರೆ ಇದೂ ಈ ದೇಶದ ಎಲ್ಲ ಕಟ್ಟಡಗಳ ಕಥೆಯಂತೆ ಇನ್ನೊಂದು ಎಂದು ಸುಮ್ಮನಾಗಬಹುದಿತ್ತು. ಸತ್ತವರ ಪಟ್ಟಿ ಬಂದ ದಿನ ಕಥೆ ಬೇರೆಯಾಯಿತು.

ಶೆಡ್ಡಿನ ಹಿಂಭಾಗದಲ್ಲಿ ಒಂದು ಕುಲುಮೆ ಇದೆ. ಅದರ ಮುಂದೆ ಕೂರುವವರು ಎಂಬತ್ತೊಂದು ವರ್ಷದ ಮುದುಕರು, ಎಲ್ಲರಿಗೂ ಕುಲುಮೆ ಅಜ್ಜ. ಒಂಬತ್ತು ಜನರ ಉಳಿಗಳನ್ನು ಕಾಯಿಸಿ, ಬಡಿದು, ನೀರಿನಲ್ಲಿ ಹದ ಮಾಡಿ ಚೂಪು ಮಾಡುವುದು ಅವರ ಕೆಲಸ. ಐವತ್ತು ವರ್ಷ ಕೆಂಡ ನೋಡಿ ಕಣ್ಣು ಮಂಜಾಗಿದೆ. ಕಬ್ಬಿಣದ ಹದವನ್ನು ಈಗ ಬಣ್ಣದಿಂದಲ್ಲ, ನೀರಿಗೆ ಅದ್ದಿದಾಗ ಬರುವ ಸದ್ದಿನಿಂದ ತಿಳಿಯುತ್ತಾರೆ. ಇವರಿಗಿದ್ದ ಒಬ್ಬನೇ ಮಗ ಆ ಸೇತುವೆಯ ಮೇಲೆ ಸತ್ತ. ಆಗ ಅವನಿಗೆ ಹತ್ತೊಂಬತ್ತು. ಇದೇ ಶೆಡ್ಡಿನಲ್ಲಿ ಕಲ್ಲು ಸೀಳುತ್ತಿದ್ದ. ಇಪ್ಪತ್ತಾರು ದಿನವೂ ಬೆಳಗಿನ ಕೆಲಸ ಮುಗಿಸಿ, ತಳ್ಳುಗಾಡಿಯ ಮೇಲೆ ನೀರಿನ ಡ್ರಮ್ಮು ಇಟ್ಟುಕೊಂಡು ಸೇತುವೆಗೆ ಹೋಗುತ್ತಿದ್ದ. ಸಂಜೆಯವರೆಗೆ ಅಲ್ಲೇ ಕೂತು, ಅವರ ಜೊತೆ ಘೋಷಣೆ ಕೂಗಿ ಬರುತ್ತಿದ್ದ.

ಸ್ಮಾರಕಕ್ಕಾಗಿ ಸರ್ಕಾರ ಮಾಡಿದ ಸಮಿತಿ ಕಳಿಸಿದ ಪಟ್ಟಿಯಲ್ಲಿ ಹದಿನಾರು ಹೆಸರುಗಳಿದ್ದವು. ಮಗಳ ಪಕ್ಕ ಕೂತು ಓದು ಕಲಿತ ಅಕ್ಷರಕ್ಕ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಎರಡು ಸಲ, ಕೆಳಗಿನಿಂದ ಮೇಲಕ್ಕೆ ಒಂದು ಸಲ ಓದಿದರು. ಕುಲುಮೆ ಅಜ್ಜನ ಮಗ ಇರಲಿಲ್ಲ.

"ಮೊದ್ಲು ನನ್ನ ಓದೇ ತಪ್ಪಿರ್ಬೇಕು ಅಂದ್ಕೊಂಡೆ" ಎನ್ನುತ್ತಾರೆ. "ಅಜ್ಜ ಅಷ್ಟೊತ್ತಿಗೆ ಹೆಸರು ಕೆತ್ತೋಕೆ ಅಂತ ಹೊಸ ಉಳಿ ಹನ್ನೆರಡು ಮಾಡಿ ಇಟ್ಟಿದ್ರು. ತಿಂಗಳಿಂದ ಅದೇ ಕೆಲಸ. ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿ ನನಗೆ ಕೊಟ್ಟಿದ್ರು. ಈಗ ಹೋಗಿ ಅವರಿಗೆ ಏನಂತ ಹೇಳ್ಲಿ?"

ಮೇಸ್ತ್ರಿ ಮತ್ತು ಅಕ್ಷರಕ್ಕ ಸಮಿತಿಯ ಕಚೇರಿಗೆ ಹೋದರು. ಅಲ್ಲಿನ ಗುಮಾಸ್ತರು ಹಳೆಯ ಕಡತ ತೆಗೆದು ಬೆರಳಿಟ್ಟು ತೋರಿಸಿದರು. ಅವನ ಹೆಸರಿನ ಮುಂದೆ ಪೊಲೀಸರು ಅಂದು ಬರೆದಿದ್ದು ‘ದಾರಿಹೋಕ’. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಅವನಿಲ್ಲ. ಚಳವಳಿಯಲ್ಲಿ ಇದ್ದ ಎನ್ನುವುದಕ್ಕೆ ದಾಖಲೆ ತನ್ನಿ ಎಂದರು. ಇಪ್ಪತ್ತಾರು ದಿನ ನೀರು ಹೊತ್ತವನು ಅದಕ್ಕೆ ರಸೀದಿ ಇಟ್ಟುಕೊಳ್ಳಬೇಕಿತ್ತೇನೋ! ಬಾಗಿಲು ತೆಗೆದು ಪಟ್ಟಿ ಬರೆಯಿರಿ ಎಂದು ಕೇಳಿ ಸತ್ತವರ ಪಟ್ಟಿಯನ್ನೂ ಬಾಗಿಲು ಹಾಕಿಕೊಂಡೇ ಬರೆದಿದ್ದರು. ಇದು ಆ ಕೋಣೆಯಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲವೇ?

ಮರುದಿನ ಒಂಬತ್ತು ಜನವೂ ಸುತ್ತಿಗೆ ಕೆಳಗಿಟ್ಟರು. ಕೂಗಾಟವಿಲ್ಲ, ಬಾವುಟವಿಲ್ಲ. ಶೆಡ್ಡಿಗೆ ಬಂದು ಸುಮ್ಮನೆ ಕೂತರು. "ಹೆಸರು ಬಂದ್ರೆ ಕೆಲಸ" ಎಂದು ಮೇಸ್ತ್ರಿ ಎಂಜಿನಿಯರರಿಗೆ ಹೇಳಿದರು. ಸಮಿತಿ ಜಗ್ಗಲಿಲ್ಲ. ಹೆಸರು ಕೆತ್ತಲು ಯಂತ್ರ ತರಿಸಿತು. ಯಂತ್ರ ಒಂದೇ ದಿನದಲ್ಲಿ ಮಾದರಿ ಕಲ್ಲಿನ ಮೇಲೆ ನಾಲ್ಕು ಹೆಸರು ಬರೆಯಿತು. ಬೆಳ್ಳಗೆ ಫಳಫಳ ಹೊಳೆಯುತ್ತಿದ್ದ ಅಕ್ಷರ ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದರು. ವಾರದೊಳಗೆ ಎರಡು ಮಳೆ ಬಂತು. ಅಕ್ಷರ ಮಾಸಿ, ಕಲ್ಲಿನ ಬಣ್ಣಕ್ಕೇ ತಿರುಗಿತು.

"ಅದು ಕೆತ್ತಿದ್ದಲ್ಲ, ಗೀಚಿದ್ದು" ಎನ್ನುತ್ತಾರೆ ಅಕ್ಷರಕ್ಕ. "ಬೆರಳಾಡಿಸಿದ್ರೆ ಏನೂ ಸಿಗ್ತಿರಲಿಲ್ಲ."

ಹನ್ನೊಂದನೆಯ ದಿನ ಸಮಿತಿಯಿಂದ ಮಾತು ಬಂತು. ಈಗ ಹದಿನಾರು ಕೆತ್ತಿಕೊಡಿರಿ, ಹದಿನೇಳನೆಯದನ್ನು ಪರಿಶೀಲಿಸುತ್ತೇವೆ ಎಂದು. ನಂಬಿ ಕೆಲಸ ಶುರು ಮಾಡಿದರು. ಅಕ್ಷರಕ್ಕ ಕಲ್ಲಿನ ಮೇಲೆ ಹದಿನೇಳು ಸಾಲಿಗೆ ಗೆರೆ ಎಳೆದುಕೊಂಡರು. "ಯಾಕೆ ಅಂತ ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ."

ಈ ನಡುವೆ ಸುದ್ದಿ ಕಿವಿಗೆ ಬಿದ್ದು ಒಬ್ಬ ಹೆಂಗಸು ಶೆಡ್ಡು ಹುಡುಕಿಕೊಂಡು ಬಂದರು. ಈಗ ಹೈಸ್ಕೂಲಿನ ಟೀಚರು, ಅಂದು ಸೇತುವೆಯ ಮೇಲಿದ್ದವರು. ಗುಂಡು ತಗುಲಿದ ಎಡಗಾಲು ಇವತ್ತಿಗೂ ಎಳೆಯುತ್ತದೆ. ಕುಲುಮೆಯ ಮುಂದೆ ಹೋಗಿ ನಿಂತು, "ಅಜ್ಜ, ನಿಮ್ಮ ಮಗನಿಗೆ ನಾವೆಲ್ಲ ಡ್ರಮ್ಮಣ್ಣ ಅಂತಿದ್ವಿ" ಎಂದರು.

ತಿದಿ ಒತ್ತುತ್ತಿದ್ದ ಅಜ್ಜನ ಕೈ ನಿಂತಿತು. "ಅವನು ಹೇಳಿದ್ದ" ಎಂದರು. "ಹೆಸರಿಟ್ಟಿದಾರೆ ಅಂತ ಮನೇಲಿ ಹೇಳ್ಕೊಂಡು ಕುಣಿದಿದ್ದ."

"ಆವತ್ತು ನನ್ನ ಪಕ್ಕದಲ್ಲೇ ಇದ್ದ ಅಜ್ಜ. ನನಗೆ ನೀರು ಕೊಡೋಕೆ ಲೋಟ ಚಾಚಿದ್ದ. ಕೈಯಲ್ಲಿ ಲೋಟ ಹಾಗೇ ಇತ್ತು."

ಅಜ್ಜ ಕೇಳಿದ್ದು ಒಂದೇ. "ನೀನು ಕುಡಿದ್ಯೇನಮ್ಮ?"

ಕುಡಿದಿರಲಿಲ್ಲ. ಟೀಚರು ಇಷ್ಟನ್ನೂ ಕಾಗದದಲ್ಲಿ ಬರೆದು, ಸಹಿ ಹಾಕಿ, ಅಂದು ಜೊತೆಗಿದ್ದ ಇನ್ನೂ ಏಳು ಜನರ ಸಹಿ ತಂದು ಕಚೇರಿಗೆ ಕೊಟ್ಟರು. ಆ ಕಾಗದಕ್ಕೆ ಉತ್ತರ ಬಂದಿದ್ದು ಉದ್ಘಾಟನೆಗೆ ನಾಲ್ಕೇ ದಿನ ಇರುವಾಗ. ಸಮಿತಿ ದೊಡ್ಡ ಮನಸ್ಸು ಮಾಡಿ ಒಂದು ದಾರಿ ಕಂಡುಹಿಡಿದಿತ್ತು. ಹದಿನಾರು ಹೆಸರಿನ ಕೆಳಗೆ ‘ಮತ್ತು ಇತರರು’ ಎಂದು ಕೆತ್ತುವುದು. ಎಂಜಿನಿಯರು ಚೀಟಿ ಹಿಡಿದುಕೊಂಡು ಬಂದರು.

"ನಾನು ಹೇಳಿದೆ, ಸಾರ್, ಯಾವ ತಾಯೀನೂ ಮಗನಿಗೆ ಇತರರು ಅಂತ ಹೆಸರಿಟ್ಟಿರಲ್ಲ ಅಂತ" ಎನ್ನುತ್ತಾರೆ ಅಕ್ಷರಕ್ಕ. ಈ ಮಾತು ಹೇಳುವಾಗ ಸುತ್ತಿಗೆ ಕೆಳಗಿಡುತ್ತಾರೆ. "‘ಮಾನ್ಯ’ ಒಂಬತ್ತು ಸಲ ಕೆತ್ತಿದೀನಿ, ಇದನ್ನ ಒಂದು ಸಲಾನೂ ಕೆತ್ತಲ್ಲ ಅಂದೆ. ಅವರು, ‘ನಾನೇನ್ ಮಾಡ್ಲಮ್ಮ, ಮೇಲಿಂದ ಬಂದಿದೆ’ ಅಂದ್ರು. ಮೇಲೆ ಅಂದ್ರೆ ಎಲ್ಲಿ? ನಾನೂ ಐವತ್ತು ವರ್ಷದಿಂದ ಕೇಳ್ತಾ ಇದೀನಿ, ಎಲ್ಲಾನೂ ಮೇಲಿಂದಾನೇ ಬರುತ್ತೆ. ಆ ಮೇಲೆ ಇರೋರನ್ನ ಒಂದ್ಸಲಾನಾದ್ರೂ ಕೆಳಗೆ ಕಳಿಸಿ ಅಂದೆ."

ಮರುದಿನ ಬೆಳಗ್ಗೆ ಅವರು ಉದ್ಯಾನಕ್ಕೆ ಹೋಗಿ, ಹದಿನಾರನೆಯ ಸಾಲಿನ ಕೆಳಗೆ ಗೋಣಿಚೀಲ ಹಾಸಿ ಕೂತರು. ಕದ್ದುಮುಚ್ಚಿ ಅಲ್ಲ. ಎದುರಿಗೆ ಬಸ್ಸು ಕಾಯುವ ಜನ, ಸುತ್ತ ಶಾಮಿಯಾನ ಹಾಕುವವರು, ಹುಲ್ಲಿಗೆ ನೀರು ಬಿಡುವವರು. ಉಳಿದ ಎಂಟು ಜನ ಕಲ್ಲುಕುಟಿಗರು ಬಂದು ಸುತ್ತ ಕೂತರು. ಹೆಸರು ಮೂರು ಅಕ್ಷರ, ಇನಿಷಿಯಲ್ ಒಂದು, ವಯಸ್ಸಿನ ಅಂಕಿ ಎರಡು. ಹತ್ತು ಗಂಟೆಗೆ ಎಂಜಿನಿಯರು ಬಂದರು. ಎರಡು ಅಕ್ಷರ ಮುಗಿದಿತ್ತು. ಸ್ವಲ್ಪ ಹೊತ್ತು ನೋಡುತ್ತ ನಿಂತರು. "ನಾನು ನೋಡಿಲ್ಲ ಅಂದ್ಕೊಳ್ಳಿ" ಎಂದು ಹೇಳಿ ಚಹಾ ಕುಡಿಯಲು ಹೊರಟುಹೋದರು. ಆ ಮನುಷ್ಯನಿಗೆ ಆ ಹತ್ತು ಗಂಟೆಗೆ ಒಂದು ಹೃದಯ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಹದಿನೈದು ದಿನದ ನಂತರ ಇದರ ಮೇಲೆ ವರದಿ ಬರೆದವರೂ ಅವರೇ.

ಅದರ ಮರುದಿನ ಟೀಚರು ಆಟೊದಲ್ಲಿ ಅಜ್ಜನನ್ನು ಕರೆತಂದರು. ಅಕ್ಷರಕ್ಕ ಅವರ ಕೈ ಹಿಡಿದು ಕೊನೆಯ ಸಾಲಿನ ಮೇಲೆ ಇಟ್ಟರು. ಅಜ್ಜ ಹೆಬ್ಬೆರಳನ್ನು ಅಕ್ಷರದೊಳಗೆ ಇಳಿಸಿ, ನಿಧಾನವಾಗಿ ಸುತ್ತಿನುದ್ದಕ್ಕೂ ಎಳೆದರು.

"ಅಂಚು ಎಲ್ಲೂ ಹಾರಿಲ್ಲ" ಎಂದರು. "ಉಳಿ ಚೂಪಾಗಿತ್ತು."

"ನೀವೇ ಮಾಡಿದ್ದಲ್ವಾ ಅಜ್ಜ."

"ಇದೇನು, ಇಲ್ಲಿ?"

"ವಯಸ್ಸು. ಹತ್ತೊಂಬತ್ತು."

ಅಜ್ಜ ಅಂಕಿಯ ಮೇಲೆ ಬೆರಳಿಟ್ಟುಕೊಂಡೇ ಯೋಚಿಸಿದರು. "ಹತ್ತೊಂಬತ್ತು ತುಂಬಿರಲಿಲ್ಲ ಕಣಮ್ಮ. ಇನ್ನೂ ಎರಡು ತಿಂಗಳು ಇತ್ತು."

ಶೆಡ್ಡಿನಲ್ಲಿ ಎಲ್ಲರೂ ಹತ್ತೊಂಬತ್ತು ಎಂದೇ ಹೇಳುತ್ತಿದ್ದರು. ಕಲ್ಲಿನಲ್ಲಿ ತಿದ್ದಲು ಆಗುವುದಿಲ್ಲ. ಅಕ್ಷರಕ್ಕ ತಡವರಿಸುವುದು ಅಜ್ಜನಿಗೆ ಕೇಳಿಸಿರಬೇಕು. "ಇರ್ಲಿ ಬಿಡು" ಎಂದರು. "ಇನ್ನೂ ಎರಡು ತಿಂಗಳು ಬದುಕಿದ್ದ ಅಂತಾಯ್ತು."

ಉದ್ಘಾಟನೆಯ ದಿನ ಹಗ್ಗ ಕಟ್ಟಿದ್ದರು. ಒಳಗೆ ಹೋಗಲು ಪಾಸು ಬೇಕು. ಒಂಬತ್ತು ಜನರಲ್ಲಿ ಒಬ್ಬರಿಗೂ ಪಾಸು ಬಂದಿರಲಿಲ್ಲ. ತಾವೇ ನಿಲ್ಲಿಸಿದ ಕಂಬಗಳನ್ನು ಅವರು ಬಸ್ ನಿಲ್ದಾಣದ ಮೆಟ್ಟಿಲ ಮೇಲೆ ನಿಂತು ನೋಡಿದರು. ಯಾರೋ ಜಾಣರು ಹದಿನೇಳನೆಯ ಸಾಲು ಕಾಣದಂತೆ ಅದರ ಮುಂದೆ ಹೂವಿನ ಕುಂಡಗಳನ್ನು ಜೋಡಿಸಿದ್ದರು. ಭಾಷಣದಲ್ಲಿ ‘ಅನಾಮಧೇಯರ ತ್ಯಾಗ’ ಎಂಬ ಮಾತು ಎರಡು ಸಲ ಬಂತು. ಆ ಭಾಷಣಕ್ಕೆ ನಾನೂ ಹೋಗಿದ್ದೆ, ಪಾಸು ಇಟ್ಟುಕೊಂಡು, ಮುಂದಿನ ಸಾಲಿನಲ್ಲಿ. ಕುಂಡಗಳ ಹಿಂದೆ ಏನಿದೆ ಎಂದು ನನಗೂ ನೋಡಬೇಕೆನಿಸಲಿಲ್ಲ. ಮರುದಿನದ ಪತ್ರಿಕೆಯಲ್ಲಿ ನಾನೇ ಬರೆದ ವರದಿಯಲ್ಲಿ ಇಪ್ಪತ್ತಮೂರು ಹೆಸರಲ್ಲಿ ಹನ್ನೊಂದು ಇದ್ದವು, ಶೆಡ್ಡಿನ ಮಾತೇ ಇರಲಿಲ್ಲ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ ಎಂದು ಹೇಳದೆ ಮುಂದೆ ಹೋಗಲಾರೆ.

ಕುಂಡಗಳನ್ನು ತೆಗೆದ ವಾರವೇ ಇಲಾಖೆಯವರು ಬಂದು ಕಲ್ಲಿನ ಪುಡಿಗೆ ಅಂಟು ಕಲಸಿ ಆ ಹೆಸರನ್ನು ತುಂಬಿ, ಉಜ್ಜಿ, ಸಮ ಮಾಡಿದರು. ಅಜ್ಜನಿಗೆ ಯಾರೂ ಹೇಳಲಿಲ್ಲ. ಐದು ತಿಂಗಳ ಬಿಸಿಲಿಗೆ ಅಂಟು ಒಣಗಿ ಕುಗ್ಗಿತು. ಮಳೆಗೆ ಪದರ ಪದರವಾಗಿ ಕಳಚಿ ಬಿತ್ತು. ಅಕ್ಷರ ಹಾಗೇ ಇತ್ತು, ಒಂದು ಅಂಚೂ ಮುಕ್ಕಾಗದೆ. ಮತ್ತೆ ತುಂಬಲು ಬಕೆಟ್ಟು ಹಿಡಿದು ಬಂದವರಿಗೆ ಅಂದು ಎದುರಾಗಿದ್ದು ಹದಿನಾರು ಮನೆಯವರು. ಟೀಚರು ಒಂದೊಂದು ಮನೆಗೂ ಹೋಗಿ ಕರೆತಂದಿದ್ದರು. ಪಟ್ಟಿಯ ಮೊದಲ ಹೆಸರಿನ ತಾಯಿ, ಕೋಲೂರಿಕೊಂಡು ನಡೆಯುವ ಮುದುಕಿ, ಬಕೆಟ್ಟಿನ ಮುಂದೆ ಬಂದು ನಿಂತರು.

"ತುಂಬೋದಾದ್ರೆ ನನ್ನ ಮಗಳದ್ದನ್ನೂ ತುಂಬಿಬಿಡಪ್ಪ" ಎಂದರು. "ಮೇಲಿಂದ ಶುರು ಮಾಡು. ನಿಂಗೂ ಸುಲಭ."

ಬಕೆಟ್ಟಿನವರು ವಾಪಸು ಹೋದರು. ಆಮೇಲೆ ಬಂದಿಲ್ಲ. ಹೆಸರು ಅಲ್ಲೇ ಇದೆ. ನೀವು ಈ ಭಾನುವಾರ ಉದ್ಯಾನಕ್ಕೆ ಹೋದರೆ ಬಗ್ಗಿ ನೋಡಿ, ಕೊನೆಯ ಸಾಲು. ಸಮಿತಿಯ ಪುಸ್ತಕದಲ್ಲಿ ಇಂದಿಗೂ ಹದಿನಾರೇ. ಅರ್ಜಿ ‘ಪರಿಶೀಲನೆಯಲ್ಲಿದೆ’. ಎಂಬತ್ತೊಂದರ ಅಜ್ಜನ ಎದುರು ಆ ಪದಕ್ಕೆ ಏನರ್ಥ ಎಂದು ಪರಿಶೀಲಿಸುವವರು ಯಾರು?

ಇಷ್ಟಕ್ಕೆಲ್ಲ ಅಕ್ಷರಕ್ಕನಿಗೆ ಸಿಕ್ಕಿದ್ದು ಒಂದು ನೋಟಿಸು. ‘ಸಾರ್ವಜನಿಕ ಸ್ವತ್ತನ್ನು ಅನುಮತಿಯಿಲ್ಲದೆ ವಿರೂಪಗೊಳಿಸಿದ ಬಗ್ಗೆ’ ಎಂದು ಶೀರ್ಷಿಕೆ. ಖುದ್ದು ಬಂದು ವಿವರಣೆ ಕೊಡಬೇಕು. ವಿವರಣೆ ಇತ್ಯರ್ಥವಾಗುವವರೆಗೆ ಸರ್ಕಾರದ ಯಾವ ಕೆಲಸವೂ ಈ ಶೆಡ್ಡಿಗೆ ಇಲ್ಲ. ಹದಿಮೂರು ತಿಂಗಳಲ್ಲಿ ಕಟ್ಟಿದ ಸ್ಮಾರಕವನ್ನು, ಕಟ್ಟಿದವರೇ ವಿರೂಪಗೊಳಿಸಿದ್ದಾರಂತೆ. ಹೀಗೆ ಬರೆಯಲು ಯಾರ ಪೆನ್ನು ಒಪ್ಪಿತೋ ಕಾಣೆ.

ಬಿಸಿಲು ಈಗ ಶೆಡ್ಡಿನ ತಗಡು ಮುಟ್ಟಿದೆ. ಅಕ್ಷರಕ್ಕ ಎದ್ದು ಮೈಮೇಲಿನ ಪುಡಿ ಕೊಡವುತ್ತಾರೆ. ಫಲಕದಲ್ಲಿ ನಿಮ್ಮ ಒಂಬತ್ತು ಜನರ ಹೆಸರು ಬರಬೇಕೆಂದು ಆಸೆಯಿಲ್ಲವೇ ಎಂದು ಕೇಳುತ್ತೇನೆ.

"ಬರ್ಬೇಕು, ಯಾಕೆ ಬರಬಾರದು?" ಎನ್ನುತ್ತಾರೆ ಥಟ್ಟನೆ. "ಭಾವನ ಹೆಸರು ಮೊದ್ಲು ಬರ್ಬೇಕು. ಕಣ್ಣು ಕಳ್ಕೊಂಡೋರದ್ದು ಆಮೇಲೆ. ಅಜ್ಜಂದೂ ಬರ್ಬೇಕು. ನಂದು ಕೊನೇಲಿ ಬಂದ್ರೂ ಆಯ್ತು. ಆದ್ರೆ ಅವರು ಹಾಕಲ್ಲ, ನನಗೆ ಗೊತ್ತು."

ಒಳಗೆ ಹೋಗಿ, ಗೋಡೆಯ ಗೂಡಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ನೋಟಿಸು ತರುತ್ತಾರೆ. ಬಿಚ್ಚಿ ನನ್ನ ಮುಂದೆ ಹಿಡಿದು, ಸ್ಪರ್ಶ ಸತ್ತ ಹೆಬ್ಬೆರಳನ್ನು ತಮ್ಮ ಹೆಸರಿನ ಕೆಳಗೆ ಇಡುತ್ತಾರೆ.

"ಇಷ್ಟು ವರ್ಷದ ಕೆಲಸಕ್ಕೆ ಸರ್ಕಾರದ ಕಾಗದದಲ್ಲಿ ನನ್ನ ಹೆಸರು ಅಂತ ಬಂದಿರೋದು ಇದೊಂದೇ. ಇದರಲ್ಲೂ ಒತ್ತಕ್ಷರ ತಪ್ಪು ಹಾಕಿದಾರೆ, ನೋಡಿ. ಇದನ್ನ ಸರಿಯಾಗಿ ಬರೆದು ಕಳಿಸೋಕೆ ಹೇಳಿ ಅವರಿಗೆ. ಆವತ್ತೇ ಹೋಗ್ತೀನಿ, ಎದುರಿಗೆ ನಿಂತು ಹೇಳ್ತೀನಿ. ಹೌದು, ನಾನೇ ಕೆತ್ತಿದ್ದು ಅಂತ."